ಮಾಸ್ತರರಿಗೆ ಬಿದ್ದ ಮಾರ್ಕ್ಸು: ಒಂಟಿಯಾಗಿರುವ ಹಿರಿಯರೊಬ್ಬರ ಗಟ್ಟಿತನ ಅಳೆದ ಪ್ರಕರಣ

2024ರ ಜನವರಿ ಕೊನೆಯ ವಾರ ಬೆಂಗಳೂರಿನಿಂದ ಒಂದು ಫೋನ್ ಬಂತು. "ನಮ್ಮಪ್ಪ ಊರಾಗ ಒಬ್ಬರೇ ಇದ್ದಾರ್ರಿ. ಎರಡು ಸಲ ಬಿದ್ದಾರ. ಇನ್ನ ಮುಂದ ಒಬ್ಬರೇ ಇರಬಹುದೋ ಇಲ್ಲೋ, ಅಷ್ಟು ನೋಡಿ ಹೇಳ್ರಿ ಮೇಡಂ, ಸಾಕು."

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡುವುದು ನನ್ನ ಕೆಲಸದ ಮುಕ್ಕಾಲು ಪಾಲು. ಇಂಥ ಫೋನ್ ಹೊಸದೇನಲ್ಲ. ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಇರುತ್ತಾರೆ, ಅಪ್ಪ ಅಮ್ಮ ಇಲ್ಲೇ ಉಳಿದಿರುತ್ತಾರೆ. ಕೇಳುವವರಿಗೆ ಬೇಕಾಗಿರುವುದು ಹೌದು ಅಥವಾ ಇಲ್ಲ ಅನ್ನುವ ಒಂದು ಮಾತು. ಈ ಪ್ರಕರಣದಲ್ಲಿ ಆ ಒಂದು ಮಾತು ಹೇಳಲು ನನಗೆ ಆರು ಭೇಟಿ ಬೇಕಾಯಿತು. ಹೇಳಿದ ಮೇಲೂ ಒಂದು ಕಡೆ ತಪ್ಪಿದೆ. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ, ಮಗ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ಮಾಸ್ತರರು ಅಂತಲೇ ಕರೆಯುತ್ತೇನೆ. ಊರಿನವರು ಕರೆಯುವುದೂ ಹಾಗೆಯೇ.

ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಮಾಸ್ತರರಿಗೆ 74. ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರರಾಗಿ 2007ರಲ್ಲಿ ನಿವೃತ್ತಿ. ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ನಾಲ್ಕು ಎಕರೆ ತೊಗರಿ ಹೊಲ ಪಾಲಿಗೆ ಕೊಟ್ಟಿದ್ದಾರೆ. ಹಣದ ತೊಂದರೆ ಇಲ್ಲ. ಹಿಂದಿನ ಕಾರ್ತಿಕದಲ್ಲಿ ಹೆಂಡತಿ ತೀರಿಕೊಂಡಿದ್ದರು. ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಹನ್ನೊಂದನೇ ಮಹಡಿಯ ಫ್ಲ್ಯಾಟ್. ನಲವತ್ತು ದಿನ ಇದ್ದು, ತಾವೇ ಟಿಕೆಟ್ ತೆಗೆಸಿಕೊಂಡು ವಾಪಸ್ ಬಂದುಬಿಟ್ಟರು. ಬಂದ ಎರಡು ವಾರದಲ್ಲಿ ಎರಡು ಸಲ ಬಿದ್ದರು. ಎರಡೂ ಸಲ ರಾತ್ರಿ, ಎರಡೂ ಸಲ ಹಿತ್ತಿಲ ಕಡೆ ಹೋಗುವಾಗ.

ಮೊದಲ ಭೇಟಿ

ನಾನು ಹೋದಾಗ ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಕೂತಿದ್ದರು. "ಬಾ ತಂಗಿ. ನನ್ನ ಪರೀಕ್ಷಾ ಮಾಡ್ಲಿಕ್ಕೆ ಬಂದೀದಿ ಅಂತಲ್ಲ?" ಅಂದರು. ನಗುತ್ತಲೇ ಅಂದರು, ಆದರೆ ಕೈಕಾಲು ಬಿಗಿ ಹಿಡಿದಿತ್ತು. ಮಗ ಕಳಿಸಿದವಳು ನಾನು. ನನ್ನ ಮಾತಿನ ಮೇಲೆ ಹನ್ನೊಂದನೇ ಮಹಡಿ ನಿಂತಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಕಷ್ಟ ಬಂದ ಮೇಲೆ ಮನುಷ್ಯ ಎಷ್ಟು ಬೇಗ ಮತ್ತೆ ಎದ್ದು ನಿಲ್ಲುತ್ತಾನೆ ಅಂತ ಅಳೆಯಲು ಕೆಲವು ಪ್ರಶ್ನಾವಳಿಗಳಿವೆ. ನಾನು ಬಳಸುವುದು 2008ರಲ್ಲಿ ಬಂದ, ಬ್ರೀಫ್ ರೆಸಿಲಿಯನ್ಸ್ ಸ್ಕೇಲ್ ಅನ್ನುವ ಸಣ್ಣದೊಂದು. ಆರೇ ಹೇಳಿಕೆಗಳು. ಒಂದೊಂದಕ್ಕೆ 1ರಿಂದ 5. ಒಟ್ಟು ಕೂಡಿಸಿ ಆರರಿಂದ ಭಾಗಿಸಬೇಕು. 3ಕ್ಕಿಂತ ಕಡಿಮೆ ಬಂದರೆ ಚೇತರಿಸಿಕೊಳ್ಳುವ ಶಕ್ತಿ ಕಡಿಮೆ, 4.3 ದಾಟಿದರೆ ಜಾಸ್ತಿ. ಮೂರು ಹೇಳಿಕೆ ನೇರ, ಮೂರು ಉಲ್ಟಾ. ಕಣ್ಣು ಮುಚ್ಚಿ ಎಲ್ಲಕ್ಕೂ "ಹೌದು" ಅಂತ ಗುರುತು ಹಾಕಿದರೆ ಸಿಕ್ಕಿಬೀಳುತ್ತೀರಿ.

ಮಾಸ್ತರರು ಹಾಳೆ ತಿರುಗಿಸಿ ನೋಡಿದರು. "ಇದು ಕಾಪಿ ಹೊಡಿಯೋರ್ನ ಹಿಡಿಯೋ ಯುಕ್ತಿ ಅದಲ್ಲ ತಂಗಿ?" ಅಂದರು. ಹೌದು ಸರ್ ಅಂದೆ. ಚಷ್ಮಾ ಸರಿಮಾಡಿಕೊಂಡು ಎರಡೇ ನಿಮಿಷದಲ್ಲಿ ತುಂಬಿ ಕೊಟ್ಟರು. ಒಟ್ಟು 28. ಸರಾಸರಿ 4.67. ಜಾಸ್ತಿ ಅನ್ನುವ ಗುಂಪಿಗೆ ಸೇರುವ ಅಂಕ. ವರ್ಷಗಟ್ಟಲೆ ಬೇರೆಯವರಿಗೆ ಮಾರ್ಕ್ಸ್ ಹಾಕಿದ ಮನುಷ್ಯ, ತಮಗೆ ತಾವೇ ಕಡಿಮೆ ಹಾಕಿಕೊಳ್ಳುತ್ತಾರಾ?

ಹಾಳೆಯನ್ನು ಅಲ್ಲಿಗೇ ಬಿಟ್ಟು ಮಗನಿಗೆ "ಗಟ್ಟಿ ಮನುಷ್ಯ, ಇರಲಿ ಬಿಡಿ" ಅಂದುಬಿಡಬಹುದಿತ್ತು. ಆದರೆ ಅವರು ಕುರ್ಚಿಯಿಂದ ಏಳುವಾಗ ಬೆಲ್ಟ್ ಕಣ್ಣಿಗೆ ಬಿತ್ತು. ಅದಕ್ಕೆ ಮೊಳೆಯಿಂದ ಹೊಡೆದ ಎರಡು ಹೊಸ ತೂತುಗಳಿದ್ದವು. ತೂತಿನ ಅಂಚು ಇನ್ನೂ ಬೆಳ್ಳಗಿತ್ತು.

ದೇಹ ಹೇಳಿದ್ದು

ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಆರೋಗ್ಯಕರ ಮುಪ್ಪು ಅಂದರೆ ಏನು ಅಂತ ಹೊಸದಾಗಿ ಹೇಳಿತು. ಕಾಯಿಲೆ ಇಲ್ಲದಿರುವುದಲ್ಲ. ತನಗೆ ಮುಖ್ಯ ಅನಿಸಿದ್ದನ್ನು ಮಾಡಿಕೊಂಡು ಬದುಕಲು ಆಗುವುದು. ಅದಕ್ಕೆ ಎರಡು ಬೇಕು: ಮನುಷ್ಯನ ಒಳಗಿನ ಶಕ್ತಿ, ಅವನ ಸುತ್ತಲಿನ ಮನೆ, ಮಂದಿ, ಊರು. ಒಳಗಿನ ಶಕ್ತಿಯನ್ನು ಆರು ಭಾಗ ಮಾಡಿ ನೋಡುವ ಕೈಪಿಡಿ 2019ರಲ್ಲಿ ಬಂತು. ನಡಿಗೆ, ಪೋಷಣೆ, ನೆನಪು, ಮನಸ್ಸು, ಕಣ್ಣು, ಕಿವಿ. ಹೆಚ್ಚಿನ ಸಲಕರಣೆ ಏನೂ ಬೇಡ. ಒಂದು ಕುರ್ಚಿ, ಒಂದು ಗಡಿಯಾರ, ಒಂದು ತೂಕದ ಯಂತ್ರ ಇದ್ದರೆ ಬಹುಪಾಲು ಮುಗಿಯುತ್ತದೆ.

ನೆನಪು, ಕಿವಿ ಚೆನ್ನಾಗಿದ್ದವು. ಹೇಳಿದ ಮೂರು ಪದಗಳನ್ನು ಹತ್ತು ನಿಮಿಷ ಬಿಟ್ಟು ಕೇಳಿದರೆ ಮೂರೂ ಹೇಳಿದರು, ಜೊತೆಗೆ ನನ್ನ ಉಚ್ಚಾರವನ್ನೂ ತಿದ್ದಿದರು. ಎಡಗಣ್ಣಿಗೆ ಪೊರೆ ಬಂದಿತ್ತು.

ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 14 ಸೆಕೆಂಡಿನೊಳಗೆ ಆಗಬೇಕು ಅನ್ನುತ್ತದೆ ಕೈಪಿಡಿ. ಇವರಿಗೆ 19 ಹಿಡಿಯಿತು, ಮೂರನೇ ಸಲಕ್ಕೇ ತೊಡೆ ನಡುಗುತ್ತಿತ್ತು. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಇನ್ನೊಂದು ಪರೀಕ್ಷೆ ಇದೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಭಯ ಇದೆ ಅಂತ ಲೆಕ್ಕ. ಇವರಿಗೆ 16. ತಿರುಗುವಾಗ ಕೈ ತಾನಾಗಿಯೇ ಗೋಡೆ ಹುಡುಕಿತು. ಅದನ್ನು ಗಡಿಯಾರ ತೋರಿಸುವುದಿಲ್ಲ, ಕಣ್ಣಿಟ್ಟು ನೋಡಬೇಕು.

ತೂಕ 57 ಕೆಜಿ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಬಿಪಿ ಕಾರ್ಡಿನಲ್ಲಿ ಸೆಪ್ಟೆಂಬರ್‌ನಲ್ಲಿ ಬರೆದದ್ದು 62. ನಾಲ್ಕು ತಿಂಗಳಲ್ಲಿ 5 ಕೆಜಿ ಹೋಗಿತ್ತು. ಊಟ ಹೇಗೆ ಸರ್ ಅಂತ ಕೇಳಿದರೆ "ಅದಕ್ಕೇನು ತಕರಾರಿಲ್ಲ, ಎರಡು ಹೊತ್ತು ಊಟ, ಎಲ್ಲಾ ಆರಾಮ ಅದ" ಅಂದರು. ನಮ್ಮ ಕಡೆ "ಆರಾಮ ಅದ" ಅನ್ನುವ ಮಾತು ಎಷ್ಟನ್ನು ಮುಚ್ಚಿಡುತ್ತದೆ ಅಂತ ಈ ಕೆಲಸಕ್ಕೆ ಬಂದ ಮೇಲೇ ನನಗೆ ತಿಳಿದದ್ದು.

ನಿಜ ಹೊರಬಿದ್ದದ್ದು ಪಕ್ಕದ ಮನೆಯ ಹೆಣ್ಣುಮಗಳ ಬಾಯಿಂದ. ಆಕೆ ರೊಟ್ಟಿ ಬಡಿದು ಮಾರುತ್ತಾಳೆ. ಮಾಸ್ತರರಿಗೂ ತಿಂಗಳ ಲೆಕ್ಕದಲ್ಲಿ ಕೊಡುತ್ತಿದ್ದಳು. ನಾನು ಹೊರಡುವಾಗ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ಕಾಕಾ ರೊಟ್ಟಿ ತಿನ್ನೋದಿಲ್ರಿ. ಡಬ್ಬಿಯೊಳಗ ಹಂಗೇ ಉಳಿದಿರ್ತಾವು. ಸಂಜೀಕೆ ದನಕ್ಕ ಹಾಕ್ತಾರ." ಕೊಡುತ್ತಿದ್ದದ್ದು ಖಡಕ್ ರೊಟ್ಟಿ. ಇವರ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಮೈ ಇಳಿದಂತೆ ಒಸಡೂ ಇಳಿಯುತ್ತದೆ, ಸೆಟ್ಟು ಕೂರುವುದಿಲ್ಲ. ಹೆಂಡತಿ ಇದ್ದಾಗ ಮೆತ್ತನೆಯ ಬಿಸಿ ರೊಟ್ಟಿ ಹಾಲಿಗೋ ಬೇಳೆಗೋ ಮುರಿದು ಹಾಕಿ ಕೊಡುತ್ತಿದ್ದರಂತೆ. ಈಗ ಇವರು ಎರಡು ಹೊತ್ತು ತಿನ್ನುತ್ತಿದ್ದದ್ದು ಚಾ, ಬಿಸ್ಕೀಟು, ಒಂದೊಂದು ದಿನ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ.

ಯಾರ ಗಟ್ಟಿತನ?

ಎರಡನೇ ಭೇಟಿಗೆ ನಾನು ಯಾವ ಫಾರ್ಮನ್ನೂ ಒಯ್ಯಲಿಲ್ಲ. ಬದುಕಿನಲ್ಲಿ ಹಿಂದೆ ಬಂದ ದೊಡ್ಡ ಕಷ್ಟಗಳನ್ನು ಹೇಳಿಸುವುದು ನನ್ನ ಪದ್ಧತಿ. ಆಗ ಏನು ಮಾಡಿದಿರಿ, ಮೊದಲು ಯಾರು ಬಂದರು, ಸರಿಹೋಗಲು ಎಷ್ಟು ದಿನ ಹಿಡಿಯಿತು. ಅಷ್ಟೇ ಕೇಳುತ್ತೇನೆ. ಮಾಸ್ತರರು ಚೆನ್ನಾಗಿ ಹೇಳುತ್ತಾರೆ, ಕೇಳಬೇಕು ಅನಿಸುತ್ತದೆ.

1972ರ ಬರ. ಆಗಿನ್ನೂ ನೌಕರಿ ಸಿಕ್ಕಿರಲಿಲ್ಲ, ಹೊಸದಾಗಿ ಮದುವೆ ಆಗಿತ್ತು. "ಬರಗಾಲದ ಕೆಲಸಕ್ಕ ಖಡಿ ಒಡಿಲಿಕ್ಕೆ ಹೋದೆ ತಂಗಿ. ಎರಡೇ ದಿನಕ್ಕ ಅಂಗೈ ಬೊಬ್ಬಿ ಎದ್ದು ಜ್ವರ ಬಂತು. ಆಮ್ಯಾಲ ಅಕಿ ಹೋದಳು. ಮೂರು ತಿಂಗಳು."

1993ರ ಸೆಪ್ಟೆಂಬರ್ 30. ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ನಸುಕು. ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ ಅದು. ನಮ್ಮ ಕಡೆ ಆ ವಯಸ್ಸಿನ ಎಲ್ಲರಿಗೂ ನೆನಪಿದೆ. "ಅಕಿನೇ ಎಬ್ಬಿಸಿದಳು. ಹುಡುಗೋರ್ನ ಹೊರಗ ತಂದಾಕೀನೂ ಅಕಿನೇ. ನಾನು ಕತ್ತಲದಾಗ ಚಷ್ಮಾ ಹುಡುಕ್ಕೊಂತ ನಿಂತಿದ್ದೆ."

2020ರ ಮಾರ್ಚ್. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು ಅಂತ ಟಿವಿಯಲ್ಲಿ ಬಂದ ದಿನದಿಂದ ಈ ಭಾಗದಲ್ಲಿ ಹುಟ್ಟಿದ ಹೆದರಿಕೆ ಬೇರೆಯವರಿಗೆ ಅರ್ಥವಾಗುವುದು ಕಷ್ಟ. "ನಮಗೇನೂ ಆಗಲಿಲ್ಲ ನೋಡು. ವರ್ಷದ ಜ್ವಾಳ, ಬ್ಯಾಳಿ, ಖಾರ, ಸಂಡಿಗಿ ಎಲ್ಲಾ ಅಕಿ ಮೊದಲೇ ತುಂಬಿಟ್ಟಿದ್ದಳು."

ಅವತ್ತು ರಾತ್ರಿ ನನ್ನ ಟಿಪ್ಪಣಿ ಓದುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಏಳು ಕಥೆ ಹೇಳಿದ್ದರು. ಎಲ್ಲದರಲ್ಲೂ "ನಾವು ದಾಟಿದೆವು" ಅಂತ ಮುಗಿಸಿದ್ದರು. ಆದರೆ ವಾಕ್ಯ ವಾಕ್ಯವಾಗಿ ಕೆಲಸ ಯಾರು ಮಾಡಿದರು ಅಂತ ಹುಡುಕಿದರೆ, ಆರರಲ್ಲಿ "ಅಕಿ". 28 ಅಂಕ ಮಾಸ್ತರರು ಸುಳ್ಳು ಬರೆದದ್ದಲ್ಲ. ಐವತ್ತು ವರ್ಷ ಪ್ರತಿ ಸಲವೂ ಎದ್ದು ನಿಂತದ್ದು ನಿಜ. ಅದು ಇಬ್ಬರು ಸೇರಿ ಗಳಿಸಿದ ಅಂಕ. ಒಬ್ಬರು ಹೋಗಿದ್ದರು, ಅಂಕ ಮಾತ್ರ ಪೂರ್ತಿ ಇವರ ಹೆಸರಿನಲ್ಲಿ ಉಳಿದಿತ್ತು.

ಇಲ್ಲಿ ಒಂದು ಅಡ್ಡ ಮಾತು. ವಯಸ್ಸಾದವರು ದಿನದ ಕೆಲಸಗಳನ್ನು ತಾವೇ ನಿಭಾಯಿಸುತ್ತಾರಾ ಅಂತ ನೋಡಲು 1969ರಿಂದ ಲಾಟನ್ ಪಟ್ಟಿ ಅನ್ನುವುದು ಬಳಕೆಯಲ್ಲಿದೆ. ಫೋನ್, ಪೇಟೆ, ಪ್ರಯಾಣ, ಔಷಧಿ, ಹಣ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು. ಎಂಟು ಕೆಲಸ. ಹಿಂದೆ ಗಂಡಸರಿಗೆ ಕೊನೆಯ ಮೂರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಐದಕ್ಕೇ ಅಂಕ ಹಾಕುತ್ತಿದ್ದರು. ಆ ಹಳೇ ಲೆಕ್ಕದಲ್ಲಿ ಮಾಸ್ತರರಿಗೆ 5ಕ್ಕೆ 4. ಎಂಟಕ್ಕೆ ಹಾಕಿದರೆ ಅದೇ 4. ಅರ್ಧಕ್ಕೆ ಅರ್ಧ! ಅಮೆರಿಕದಲ್ಲಿ ಮಾಡಿದ ಪಟ್ಟಿ, ಆದರೆ ನಮ್ಮ ಪಡಸಾಲೆಯಲ್ಲಿ ಕೂತು ಮಾಡಿದ ಹಾಗಿದೆ. ಅಡುಗೆ ಗೊತ್ತಿಲ್ಲದ ಗಂಡಸು ಒಂಟಿಯಾದರೆ ಅದು ಅವನ ಆರೋಗ್ಯದ ಸಮಸ್ಯೆ ಅಂತ ನಮ್ಮಲ್ಲೂ ಯಾರೂ ಬರೆದುಕೊಳ್ಳುವುದಿಲ್ಲ. "ಪಾಪ, ಮಾಡಿ ಹಾಕೋರಿಲ್ಲ" ಅಂತ ಮರುಗಿ ಸುಮ್ನಾಗುತ್ತೇವೆ.

ಆ ಐದರಲ್ಲಿ ಹೋದ ಒಂದು ಅಂಕ ಔಷಧಿಯದು. ಅದರ ಕಥೆ ದೊಡ್ಡದು.

ಗುಳಿಗೆಯ ಚೀಲ

"ಅಕಿ ಕೈಯಾಗ ಇಡ್ತಿದ್ದಳು, ನಾನು ನುಂಗ್ತಿದ್ದೆ." ಹೆಂಡತಿಗೆ ಓದು ಬರುತ್ತಿರಲಿಲ್ಲ. ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದರಂತೆ. ಓದು ಬರುವ ಮಾಸ್ತರರು ಈಗ ಪ್ಲಾಸ್ಟಿಕ್ ಚೀಲದಲ್ಲಿದ್ದ ಎಲ್ಲಾ ಪಟ್ಟಿಗಳಿಂದ ಒಂದೊಂದು ನುಂಗುತ್ತಿದ್ದರು. ಚೀಲ ಸುರುವಿ ನೋಡಿದೆ. ಸರ್ಕಾರಿ ಕೇಂದ್ರದಿಂದ ತಂದ ಆಮ್ಲೋಡಿಪಿನ್ ಒಂದು. ಅಂಗಡಿಯಿಂದ ತಂದ, ಬೇರೆ ಹೆಸರಿನ, ಬೇರೆ ಬಣ್ಣದ ಪಟ್ಟಿ ಇನ್ನೊಂದು. ಹಿಂದೆ ಸಣ್ಣಕ್ಷರದಲ್ಲಿ ಓದಿದರೆ ಅದೂ ಆಮ್ಲೋಡಿಪಿನ್. ಬಿಪಿಯ ಒಂದೇ ಔಷಧಿ ದಿನಕ್ಕೆ ಎರಡು ಸಲ ಹೊಟ್ಟೆಗೆ ಹೋಗುತ್ತಿತ್ತು. ಜೊತೆಗೆ ಮೂತ್ರದ ತೊಂದರೆಗೆಂದು ಟ್ಯಾಮ್ಸುಲೋಸಿನ್. ಎದ್ದು ನಿಂತಾಗ ಬಿಪಿ ಇಳಿಸುವ ಗುಣ ಅದಕ್ಕೂ ಇದೆ.

ಐದು ನಿಮಿಷ ಮಲಗಿಸಿ ಬಿಪಿ ನೋಡಿದೆ: 148/84. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದೆ: 122/76. ಮೇಲಿನ ಅಂಕಿ 20 ಇಳಿದರೇ ಎಚ್ಚರಿಕೆ, ಇಲ್ಲಿ 26 ಇಳಿದಿತ್ತು. "ಕಣ್ಣಿಗೆ ಕತ್ತಲ ಬಂದಂಗ ಆಯ್ತು" ಅಂದರು. ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಎದ್ದ ಕೂಡಲೇ ತಲೆ ತಿರುಗುತ್ತದೆ. ಹೊಸ್ತಿಲು ಎತ್ತರ, ಅದು ದಾಟಿದರೆ ಮೂರು ಮೆಟ್ಟಿಲು, ಅದರಾಚೆ ಅಂಗಳ. ಅಂಗಳದ ತುಂಬ ಶಹಾಬಾದ್ ಕಲ್ಲು. ಗಣಿ ಹತ್ತಿರವೇ ಇರುವ ಊರಲ್ಲಿ ಮನೆಗೆ ಬೇರೆ ಯಾವ ಕಲ್ಲು ಹಾಕುತ್ತಾರೆ? ನಲವತ್ತು ವರ್ಷ ತುಳಿದು ತುಳಿದು ಕನ್ನಡಿ ಹಾಗಾಗಿದೆ, ಒಂದು ಚೊಂಬು ನೀರು ಚೆಲ್ಲಿದರೆ ಸಾಕು. ಲೈಟಿನ ಸ್ವಿಚ್ಚು ಬಚ್ಚಲ ಗೋಡೆಯ ಮೇಲೆ, ಅಂದರೆ ಕತ್ತಲಲ್ಲೇ ಅಲ್ಲಿತನಕ ಹೋಗಬೇಕು.

ಇಷ್ಟಾದ ಮೇಲೆ ಎರಡೇ ಸಲ ಬಿದ್ದಿದ್ದಾರಲ್ಲ ಅನಿಸಿತು.

ಮನಸ್ಸಿನ ಪ್ರಶ್ನೆಗಳನ್ನು ಮೂರನೇ ಭೇಟಿಗೆ ಇಟ್ಟುಕೊಂಡೆ. ಹದಿನೈದು ಪ್ರಶ್ನೆ, ಹೌದು ಅಥವಾ ಇಲ್ಲ. ಹಾಳೆ ಕೊಡದೆ ಮಾತಿನ ನಡುವೆ ಕೇಳಿದೆ. 5 ದಾಟಿದರೆ ಮುಂದೆ ನೋಡಿಸಬೇಕು ಅಂತ ನಿಯಮ. 7 ಬಂತು. ಹೆಂಡತಿ ಹೋಗಿ ಮೂರು ತಿಂಗಳಾಗಿದೆ, ದುಃಖ ಇರುವುದೇ. ಆದರೆ ಒಂದು ಉತ್ತರ ನನಗೆ ಕಸಿವಿಸಿ ತಂದಿತು. ಕಟ್ಟೆಗೆ ಹೋಗಿ ಕೂರುವುದನ್ನು ಬಿಟ್ಟಿದ್ದರು. ಯಾಕೆ ಸರ್ ಅಂದರೆ, "ಹೋದ್ರ ಎಲ್ರೂ ಊಟ ಆಯ್ತೇನ್ರಿ ಅಂತ ಕೇಳ್ತಾರ. ಏನ್ ಹೇಳ್ಲಿ?" ಅಂದರು.

ಏನು ಮಾಡಿದೆವು, ಏನು ನಡೆಯಲಿಲ್ಲ

ಗುಳಿಗೆಯ ವಿಷಯ ನನ್ನ ಕೈಯಲ್ಲಿಲ್ಲ. ಚೀಲ ಸಮೇತ ಕಲಬುರಗಿಯ ಡಾಕ್ಟರ ಹತ್ತಿರ ಕಳಿಸಿದೆ. ಅವರು ಎರಡರಲ್ಲಿ ಒಂದನ್ನು ನಿಲ್ಲಿಸಿದರು, ಮಿಕ್ಕವುಗಳ ಹೊತ್ತು ಬದಲಿಸಿದರು. ಮೂರು ವಾರದಲ್ಲಿ ಎದ್ದು ನಿಂತಾಗ ಇಳಿಯುವುದು 26ರಿಂದ 12ಕ್ಕೆ ಬಂತು. ಇಡೀ ಪ್ರಕರಣದಲ್ಲಿ ಅತಿ ಜಾಸ್ತಿ ಉಪಯೋಗವಾದದ್ದು ಇದೇ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗಲಿಲ್ಲ, ಔಷಧಿ ಕಡಿಮೆಯೇ ಆಯಿತು.

ಕಲ್ಲಿನ ಕೆಲಸಕ್ಕೆ ಮಾಸ್ತರರ ಹಳೇ ಶಿಷ್ಯನೊಬ್ಬ ಬಂದ. ಹೊಸ್ತಿಲಿನಿಂದ ಬಚ್ಚಲಿನತನಕ ಎರಡು ಅಡಿ ಅಗಲದ ದಾರಿಯನ್ನು ಉಳಿಯಿಂದ ಹೊಡೆದು ಒರಟು ಮಾಡಿದ. ಟೈಲ್ಸ್ ಹಾಕಿಸೋಣ ಅಂತ ಮಗ ಹೇಳಿದ್ದ, ನಾನೇ ಬೇಡ ಅಂದೆ. ಮೆಟ್ಟಿಲ ಪಕ್ಕಕ್ಕೆ ಸ್ಟೀಲ್ ಪೈಪು, ಮಂಚದ ಬುಡದಲ್ಲೇ ಲೈಟಿನ ಸ್ವಿಚ್ಚು. ರಾತ್ರಿ ಮಂಚದ ಕೆಳಗೆ ಮೂತ್ರದ ಡಬ್ಬಿ ಇಟ್ಟುಕೊಳ್ಳಿ ಅಂದದ್ದಕ್ಕೆ ಸಿಟ್ಟು ಬಂತು. "ನಾನೇನು ಹಾಸಿಗಿ ಹಿಡದೀನೇನು?" ಒಂದು ತಿಂಗಳಾದ ಮೇಲೆ ತಾವೇ ತರಿಸಿಕೊಂಡಿದ್ದರು, ನಾನು ನೋಡಿದರೂ ನೋಡದ ಹಾಗಿದ್ದೆ.

ವ್ಯಾಯಾಮ ಅಂದರೆ ಕುರ್ಚಿಯಿಂದ ಏಳುವುದು, ಕೂರುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದರ ಮುಂದೆ ಒಂದು ಹೆಜ್ಜೆ ಇಟ್ಟು ನಡೆಯುವುದು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಬಲ ಮತ್ತು ಸಮತೋಲದ ಕಸರತ್ತು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಾಸ್ತರರು ಅದಕ್ಕೆ ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದರು. ಅದನ್ನು ಪಾಲಿಸಿದರು ಕೂಡ.

ಪಕ್ಕದ ಮನೆಯವಳು ಖಡಕ್ ಬದಲು ಮೆತ್ತನೆಯ ರೊಟ್ಟಿ ಕೊಡಲು ಒಪ್ಪಿದಳು. "ಕಾಕಾ ಬಾಯಿಬಿಟ್ಟು ಕೇಳಿದ್ರ ಮೊದಲೇ ಕೊಡ್ತಿದ್ದೆ" ಅಂದಳು. ಬೇಳೆ, ಅನ್ನ ಮಾಸ್ತರರೇ ಮಾಡಿಕೊಳ್ಳಬೇಕು ಅಂತ ತೀರ್ಮಾನ ಆಯಿತು. ಕುಕ್ಕರ್ ಪಾಠ ನಾನೇ ಮಾಡಿದೆ. ಹಳೇ ನೋಟ್ ಬುಕ್ಕಿನಲ್ಲಿ ಪಾಠ ಟಿಪ್ಪಣಿ ಬರೆದ ಹಾಗೆ ಬರೆದುಕೊಂಡರು: ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆ, ಸ್ವಂತ ಹೊಲದ ತೊಗರಿ, ಅದನ್ನು 74ನೇ ವಯಸ್ಸಿನಲ್ಲಿ ಮೊದಲ ಸಲ ಬೇಯಿಸಿದರು. ಮೂರು ಸೀಟಿ ಅಂದಿದ್ದೆ, ಐದು ಹೊಡೆಸಿದರು. ಮೆತ್ತಗಾಗಿ ಹಲ್ಲಿಗೆ ಒಳ್ಳೆಯದೇ ಆಯಿತು.

ನಾನು ತುಂಬ ಆಸೆಯಿಂದ ಮಾಡಿದ ಒಂದು ಯೋಜನೆ ಪೂರ್ತಿ ಕೆಟ್ಟಿತು. ಸಂಜೆ ಹೊತ್ತು ಊರಿನ ಹುಡುಗರಿಗೆ ಗಣಿತ ಹೇಳಿಕೊಡಲಿ, ಮನಸ್ಸಿಗೂ ಒಳ್ಳೆಯದು, ಮನೆಗೆ ನಾಲ್ಕು ಜನ ಬಂದಂತೆಯೂ ಆಗುತ್ತದೆ ಅಂತ ನನ್ನ ಲೆಕ್ಕ. ಮೊದಲ ವಾರ ಒಂಬತ್ತು ಹುಡುಗರು, ಎರಡನೇ ವಾರ ಮೂವರು, ಆಮೇಲೆ ಯಾರೂ ಇಲ್ಲ. ಪುಸ್ತಕ ಬದಲಾಗಿದೆ, ವಿಧಾನ ಬದಲಾಗಿದೆ, ಮಾಸ್ತರರ ದನಿ ಬದಲಾಗಿಲ್ಲ. ನಿವೃತ್ತ ಶಿಕ್ಷಕರಿಗೆ ಮತ್ತೆ ಶಾಲೆ ಹಚ್ಚಿಕೊಡಬೇಕು ಅನ್ನುವುದು ನನ್ನ ಆಸೆಯೇ ಹೊರತು ಅವರದಲ್ಲ. ಅವರನ್ನು ಕೇಳಿಯೇ ಇರಲಿಲ್ಲ.

ಮಗ ಸಿಸಿಟಿವಿ ಹಾಕಿಸುತ್ತೇನೆ ಅಂದ. "ನಾನೇನು ಪರೀಕ್ಷಾ ಹಾಲ್‌ನಾಗ ಕುಂತೀನೇನು?" ಅಂದರು ಅಪ್ಪ. ಅದು ಅಲ್ಲಿಗೇ ನಿಂತಿತು. ಬದಲಿಗೆ ಮೂರು ಜನರ ಫೋನ್ ನಂಬರು, 108, ಹಿರಿಯರ ಸಹಾಯವಾಣಿ 14567 ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಾಕಿದೆವು. ಮಗನಿಗೆ ಒಂದು ಪುಟದ ವರದಿ ಕಳಿಸಿದೆ. ಸದ್ಯಕ್ಕೆ ಇರಬಹುದು. ಆದರೆ ತೂಕ 55ರ ಕೆಳಗೆ ಹೋದರೆ, ಮೂರನೇ ಸಲ ಬಿದ್ದರೆ, ಒಲೆ ಆರಿಸುವುದು ಒಂದು ಸಲ ಮರೆತರೂ, ಮತ್ತೆ ಕೂತು ಮಾತಾಡಬೇಕು. ಇದನ್ನು ಅಪ್ಪನಿಗೂ ಓದಿ ಹೇಳಿ ಸಹಿ ಹಾಕಿಸಿದೆ.

ಮೇ ತಿಂಗಳು

ಕಲಬುರಗಿ ಬಿಸಿಲು ಗೊತ್ತಲ್ವಾ, ಮೇನಲ್ಲಿ 43, 44 ಡಿಗ್ರಿ ಮಾಮೂಲು. ನನ್ನ ಯೋಜನೆ ಮಾಡಿದ್ದು ಜನವರಿಯ ತಂಪಿನಲ್ಲಿ. ಬೇಸಿಗೆ ಅನ್ನುವ ಪದವೇ ಅದರಲ್ಲಿರಲಿಲ್ಲ. ನಾನು ತಪ್ಪಿದ್ದು ಇಲ್ಲಿ.

ಎರಡು ದಿನ ಹೊಟ್ಟೆ ಕೆಟ್ಟಿತ್ತು. ಬಿಪಿ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದರು, ಶಿಸ್ತಿನ ಮನುಷ್ಯ ನೋಡಿ. ಮೂರನೇ ದಿನ ಮಧ್ಯಾಹ್ನ ಅಡುಗೆ ಮನೆಯಲ್ಲಿ ತಲೆ ತಿರುಗಿ ಕೆಳಗೆ ಕೂತರು, ಮತ್ತೆ ಏಳಲು ಆಗಲಿಲ್ಲ. ಬೀಳಲಿಲ್ಲ, ಗೋಡೆಗೆ ಒರಗಿ ಕೂತಿದ್ದರು. ಫೋನ್ ಜೇಬಿನಲ್ಲೇ ಇತ್ತು. ಮೂರು ತಾಸಿನ ಮೇಲೆ ಪಕ್ಕದ ಮನೆಯವಳು ಖಾಲಿ ಡಬ್ಬಿ ಕೇಳಲು ಬಂದಾಗ ನೋಡಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ರಾತ್ರಿ, ಸಲೈನ್ ಹಾಕಿದರು, ಸುಧಾರಿಸಿಕೊಂಡರು.

ಫೋನ್ ಇತ್ತಲ್ಲ ಸರ್, ಯಾಕೆ ಮಾಡಲಿಲ್ಲ ಅಂತ ಕೇಳಿದೆ. "ಮಧ್ಯಾಹ್ನದ ಹೊತ್ತು ತಂಗಿ. ಮಂದಿ ಮಲಗಿರ್ತಾರ. ಯಾಕ ಎಬ್ಬಿಸೋದು ಅಂತ."

ಎದ್ದು ನಿಲ್ಲುವ ಶಕ್ತಿಯ ಬಗ್ಗೆ ನನ್ನ ಆರು ಹೇಳಿಕೆಗಳಲ್ಲಿ ಇದು ಎಲ್ಲೂ ಇಲ್ಲ. ಎಷ್ಟು ಬೇಗ ಸುಧಾರಿಸಿಕೊಳ್ಳುತ್ತೀರಿ ಅಂತ ಇದೆ. ಕೈ ಚಾಚಿ ಕರೆಯುತ್ತೀರಾ ಅಂತ ಇಲ್ಲ. ಈ ಮನುಷ್ಯನಿಗೆ ಐವತ್ತು ವರ್ಷ ಕರೆಯುವ ಪ್ರಸಂಗವೇ ಬಂದಿರಲಿಲ್ಲ. ಕರೆಯುವ ಮೊದಲೇ ಒಬ್ಬರು ಬಂದು ನಿಲ್ಲುತ್ತಿದ್ದರು. ಈಗ 74ರಲ್ಲಿ ಅದನ್ನು ಕಲಿಸುವುದು ಕುಕ್ಕರ್ ಕಲಿಸಿದಷ್ಟು ಸುಲಭ ಅಲ್ಲ.

ಹಾಗಾಗಿ ಕರೆಯುವ ಕೆಲಸವನ್ನೇ ಅವರಿಂದ ತೆಗೆದೆವು. ಉಪಾಯ ನನ್ನದಲ್ಲ, ರೊಟ್ಟಿ ಮಾಡುವವಳದು. ಖಾಲಿ ಡಬ್ಬಿಯನ್ನು ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಹೊರಗಿನ ಕಟ್ಟೆಯ ಮೇಲೆ ಇಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಒಂದಕ್ಕೆ ಇನ್ನೊಂದು ಸಲ. ಡಬ್ಬಿ ಕಾಣದಿದ್ದರೆ ಆಕೆ ಅಥವಾ ಅವಳ ಮಗ ಒಳಗೆ ಬಂದು ನೋಡುತ್ತಾರೆ. ಇದರಲ್ಲಿ ಯಾರನ್ನೂ ಎಬ್ಬಿಸುವ ಸಂಕೋಚ ಇಲ್ಲ. ಡಬ್ಬಿಯಲ್ಲಿ ರೊಟ್ಟಿ ಉಳಿದಿದ್ದರೆ ಅದೂ ಗೊತ್ತಾಗುತ್ತದೆ. ಆಕೆಗೆ ತಿಂಗಳಿಗೆ ಇಷ್ಟು ಅಂತ ಮಗ ಹೆಚ್ಚಿಗೆ ಕೊಡುತ್ತಾನೆ. ಆಕೆ ಬೇಡ ಅಂದಳು, ಕೊಡಲೇಬೇಕು ಅಂತ ನಾನೇ ಹಟ ಹಿಡಿದೆ. ಪುಗಸಟ್ಟೆ ಅಕ್ಕರೆ ಎಷ್ಟು ದಿನ ಬಾಳುತ್ತದೆ, ಅದರಲ್ಲೂ ಹೊಟ್ಟೆಪಾಡಿಗೆ ದಿನಕ್ಕೆ ನೂರು ರೊಟ್ಟಿ ಬಡಿಯುವವಳ ಹತ್ತಿರ? ವಾಂತಿ ಭೇದಿ ಆದ ದಿನ ಯಾವ ಗುಳಿಗೆ ಬಿಡಬೇಕು ಅಂತ ಡಾಕ್ಟರಿಂದ ಬರೆಸಿ ಅದೇ ಗೋಡೆಗೆ ಹಾಕಿದೆವು.

ಜೂನ್‌ನಿಂದ ಡಿಸೆಂಬರ್‌ತನಕ ಡಬ್ಬಿ ನಾಲ್ಕು ಸಲ ಕಾಣಲಿಲ್ಲ. ಮೂರು ಸಲ ಮಾಸ್ತರರು ಹೇಳದೆ ಕೇಳದೆ ಚಿತ್ತಾಪುರಕ್ಕೆ ಹೋಗಿದ್ದರು. ನಾಲ್ಕನೇ ಸಲ ಜ್ವರ.

ಎಳ್ಳ ಅಮಾವಾಸ್ಯೆ

ಡಿಸೆಂಬರ್ 30ರಂದು ಮತ್ತೆ ಹೋದೆ. ಎಳ್ಳ ಅಮಾವಾಸ್ಯೆ ಅಂತ ಗೊತ್ತಿದ್ದೇ ಹೋದದ್ದು, ಭಜ್ಜಿ ಪಲ್ಯದ ಆಸೆ ನನಗೂ ಇತ್ತು. ಮಗ, ಸೊಸೆ, ಮೊಮ್ಮಗಳು ಬಂದಿದ್ದರು. ಮಾಸ್ತರರು ಹೊಲಕ್ಕೆ ನಡೆದೇ ಬಂದರು, ಬದುವಿನ ಮೇಲೆ ಕೋಲು ಹಿಡಿದುಕೊಂಡು. ಹೊಲಕ್ಕೆ ಎಡೆ ಎರಚುವ ಚರಗ ಚೆಲ್ಲುವಾಗ ಒಂದು ಗಳಿಗೆ ಸುಮ್ಮನೆ ನಿಂತರು. ಹಿಂದೆಲ್ಲ ಚರಗದ ಬುಟ್ಟಿ ಹೊರುತ್ತಿದ್ದವರು ಅವರಲ್ಲ.

ಊಟ ಆದ ಮೇಲೆ ಬೇವಿನ ಮರದ ಕೆಳಗೆ ಅಳತೆ ತೆಗೆದೆ. ತೂಕ ಮಾತ್ರ ಬೆಳಗ್ಗೆ ಮನೆಯಲ್ಲೇ ನೋಡಿದ್ದೆ, ಊಟದ ಮೇಲೆ ನೋಡಿದ್ದರೆ ಅವತ್ತಿನ ಮಟ್ಟಿಗೆ ಸುಳ್ಳಾಗುತ್ತಿತ್ತು. 60 ಕೆಜಿ. ಕುರ್ಚಿಯಿಂದ ಐದು ಸಲ ಏಳಲು 15 ಸೆಕೆಂಡ್, ಇನ್ನೂ ಒಂದು ಸೆಕೆಂಡ್ ಬಾಕಿ. 3 ಮೀಟರ್ ನಡಿಗೆ 12. ಮನಸ್ಸಿನ ಪ್ರಶ್ನೆಗಳಲ್ಲಿ 7 ಇದ್ದದ್ದು 4. ಜನವರಿಯಿಂದ ಒಂದು ಸಲವೂ ಬಿದ್ದಿಲ್ಲ. ಕಟ್ಟೆಗೆ ಮತ್ತೆ ಹೋಗುತ್ತಾರೆ. ಊಟ ಆಯ್ತಾ ಅಂತ ಕೇಳಿದವರಿಗೆ ಬೇಳೆಗೆ ಎಷ್ಟು ಸೀಟಿ ಹೊಡೆಸಬೇಕು ಅಂತ ಪಾಠ ಮಾಡುತ್ತಾರಂತೆ.

ಕೊನೆಗೆ ಅದೇ ಆರು ಹೇಳಿಕೆಯ ಹಾಳೆ ಕೊಟ್ಟೆ. ಈ ಸಲ ಎರಡು ನಿಮಿಷ ಸಾಲಲಿಲ್ಲ. ಒಂದೊಂದಕ್ಕೂ ಪೆನ್ನು ಎತ್ತಿ ಹಿಡಿದು ಯೋಚಿಸಿದರು. ಒಂದು ಕಡೆ 5 ಬರೆದು ಹೊಡೆದು ಹಾಕಿ 3 ಮಾಡಿದರು. ಒಟ್ಟು 22. ಸರಾಸರಿ 3.67. ಹನ್ನೊಂದು ತಿಂಗಳಲ್ಲಿ ಉಳಿದ ಎಲ್ಲಾ ಅಳತೆ ಸುಧಾರಿಸಿದೆ, ಗಟ್ಟಿತನದ ಅಂಕ ಮಾತ್ರ ಪೂರ್ತಿ ಒಂದು ಇಳಿದಿದೆ. ಬರೀ ಕಾಗದ ನೋಡುವವರು ಈ ಮನುಷ್ಯ ಕುಗ್ಗಿದ್ದಾರೆ ಅಂತಲೇ ಬರೆಯುತ್ತಾರೆ. ನಾನು ವರದಿಯಲ್ಲಿ ಎರಡೂ ಅಂಕ ಹಾಕಿ, ಪಕ್ಕದಲ್ಲಿ ಬರೆದೆ: ಮೊದಲನೆಯದು ಇಬ್ಬರದು, ಎರಡನೆಯದು ಒಬ್ಬರದು. ಹೋಲಿಸಬಾರದು.

ಮುಂದಿನ ಭೇಟಿ ಮಾರ್ಚ್ ಕೊನೆಗೆ, ಬಿಸಿಲು ಏರುವ ಮೊದಲು. ಗುಳಿಗೆ ಮತ್ತೆ ನೋಡಿಸಬೇಕು, ಹಲ್ಲಿನ ಸೆಟ್ಟು ಬದಲಿಸಬೇಕು. ಎಡಗಣ್ಣಿನ ಪೊರೆ ತೆಗೆಸುವುದು ಹಾಗೇ ಉಳಿದಿದೆ. ಯುಗಾದಿ ಆಗಲಿ ಅಂದಿದ್ದಾರೆ. ಹಿಂದೆ ಕೇಳಿದಾಗ ದೀಪಾವಳಿ ಆಗಲಿ ಅಂದಿದ್ದರು.